ಹಳೆಯ ಆಟಗಳಿಗೆ ಹೇಳುವ ಸುಳ್ಳುಗಳು

ಹಳೆಯ ಕಂಪ್ಯೂಟರ್ ಆಟವೊಂದು ಹೊಸ ಯಂತ್ರದಲ್ಲಿ ತೆರೆದುಕೊಳ್ಳದೆ ಹೋದರೆ ‘ಆಟ ಕೆಟ್ಟುಹೋಗಿದೆ’ ಎನ್ನುವುದು ರೂಢಿ. ನನಗೆ ಈ ಮಾತು ಅನ್ಯಾಯ ಎನಿಸುತ್ತದೆ. ಫೈಲುಗಳಲ್ಲಿ ಒಂದು ಬಿಟ್ ಕೂಡ ಆಚೀಚೆ ಆಗಿರುವುದಿಲ್ಲ. ಬಿಡುಗಡೆಯಾದ ದಿನ ಹೇಗಿತ್ತೋ ಇಂದಿಗೂ ಹಾಗೆಯೇ ಇರುತ್ತದೆ. ಬದಲಾಗಿರುವುದು ಅದರ ಸುತ್ತಲಿನ ಲೋಕ. ಪ್ರೊಸೆಸರ್ ಇಷ್ಟೇ ವೇಗದಲ್ಲಿ ಓಡುತ್ತದೆ, ಸೌಂಡ್ ಕಾರ್ಡ್ ಇದೇ ವಿಳಾಸದಲ್ಲಿ ಸಿಗುತ್ತದೆ, ಡಿಸ್ಕ್ ಇದಕ್ಕಿಂತ ದೊಡ್ಡದಾಗಿರಲು ಸಾಧ್ಯವೇ ಇಲ್ಲ, ಸಿ.ಡಿ. ಯಾವಾಗಲೂ ಡ್ರೈವಿನೊಳಗೇ ಇರುತ್ತದೆ: ಹೀಗೆ ನೂರಾರು ನಂಬಿಕೆಗಳ ಮೇಲೆ ಒಂದು ಆಟ ನಿಂತಿರುತ್ತದೆ. ಬರೆದವರು ಅವನ್ನೆಲ್ಲ ಎಲ್ಲಿಯೂ ಗುರುತು ಹಾಕಿಡಲಿಲ್ಲ. ಅವು ನಂಬಿಕೆಗಳು ಎಂಬುದೇ ಅವರಿಗೆ ಹೊಳೆದಿರಲಿಕ್ಕಿಲ್ಲ.

ಬಿಡುವಾದಾಗಲೆಲ್ಲ ಇಂಥ ಆಟಗಳನ್ನು ಎಬ್ಬಿಸಿ ಕೂರಿಸುವುದು ನನ್ನ ಹವ್ಯಾಸ. (ಎಬ್ಬಿಸಿದ ಮೇಲೆ ಆಡುವುದು ಕಡಿಮೆಯೇ. ಮೊದಲ ಹಂತ ದಾಟುವಷ್ಟರಲ್ಲಿ ನನ್ನ ಆಸಕ್ತಿ ಮುಂದಿನ ಹಟಮಾರಿಯ ಕಡೆಗೆ ಹೋಗಿರುತ್ತದೆ.) ಇಷ್ಟು ವರ್ಷಗಳಲ್ಲಿ ನನಗೆ ಅರ್ಥವಾಗಿರುವುದು ಒಂದೇ: ಹಳೆಯ ಆಟವನ್ನು ಓಡಿಸುವುದೆಂದರೆ ಅದು ನಂಬುವಂಥ ಸುಳ್ಳು ಹೇಳುವುದು. ಎಷ್ಟು ಸುಳ್ಳು, ಯಾವ ಹಂತದಲ್ಲಿ, ಯಾರ ಬಾಯಿಂದ ಎಂಬುದರಲ್ಲೇ ಉಳಿದ ಕೌಶಲವೆಲ್ಲ ಅಡಗಿದೆ.

ಮೊದಲ ಸುಳ್ಳು ವೇಗದ್ದು. 1981ರಲ್ಲಿ ಬಂದ ಐಬಿಎಂ ಪಿಸಿಯ ಪ್ರೊಸೆಸರ್ 4.77 ಮೆಗಾಹರ್ಟ್ಸ್ ವೇಗದ್ದು. ಆ ಕಾಲದ ಹಲವು ಆಟಗಳು ಗಡಿಯಾರ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಪ್ರೊಸೆಸರ್ ತನ್ನ ಗತಿಯಲ್ಲಿ ಕೆಲಸ ಮುಗಿಸುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೋ ಅದೇ ಆಟದ ಗತಿ. ಇದಕ್ಕಿಂತ ವೇಗದ ಯಂತ್ರ ಬಂದ ಕೂಡಲೇ ಶತ್ರು ಕಾಣಿಸಿಕೊಳ್ಳುವ ಮೊದಲೇ ನಾಯಕ ಸತ್ತಿರುತ್ತಿದ್ದ. ಹಳೆಯ ಕ್ಯಾಬಿನೆಟ್ಟುಗಳ ಮುಂಭಾಗದಲ್ಲಿ ‘ಟರ್ಬೊ’ ಎಂಬ ಗುಂಡಿ ಇರುತ್ತಿತ್ತಲ್ಲ, ಅದು ಇದ್ದದ್ದೇ ಈ ಕಾರಣಕ್ಕೆ. ಹೆಸರು ಕೇಳಿದರೆ ವೇಗ ಹೆಚ್ಚಿಸುವ ಗುಂಡಿ ಅನಿಸಬೇಕು. ನಿಜವಾದ ಉಪಯೋಗ ಮಾತ್ರ ಯಂತ್ರವನ್ನು ನಿಧಾನಿಸುವುದು.

ವೇಗದ ನಂಬಿಕೆ ಎಷ್ಟು ಆಳಕ್ಕೆ ಇಳಿದಿರಬಹುದು ಎಂಬುದಕ್ಕೆ ನನ್ನ ಅಚ್ಚುಮೆಚ್ಚಿನ ಉದಾಹರಣೆ ‘ರನ್‌ಟೈಮ್ ಎರರ್ 200’. ಬೋರ್‌ಲ್ಯಾಂಡ್ ಕಂಪನಿಯ ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ, ವಿಂಡೋಸ್‌ಗೂ ಮುಂಚಿನ ಡಾಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಅಸಂಖ್ಯ ಆಟಗಳು 1990ರ ದಶಕದ ಕೊನೆಯಲ್ಲಿ ಇದ್ದಕ್ಕಿದ್ದಂತೆ ಈ ಒಂದು ಸಾಲು ತೋರಿಸಿ ಮುಚ್ಚಿಕೊಳ್ಳತೊಡಗಿದವು. ಸಂದೇಶದ ಅರ್ಥ ‘ಸೊನ್ನೆಯಿಂದ ಭಾಗಿಸಲಾಗಿದೆ’. ಆದರೆ ಆಟದಲ್ಲಿ ಎಲ್ಲಿ ಹುಡುಕಿದರೂ ಸೊನ್ನೆಯಿಂದ ಭಾಗಿಸುವ ಲೆಕ್ಕವೇ ಇಲ್ಲ. ನಡೆಯುತ್ತಿದ್ದದ್ದು ಇಷ್ಟು. ಪರದೆಯ ಮೇಲೆ ಅಕ್ಷರ ಬರೆಯಲು ಬಳಸುವ ಸಿಆರ್‌ಟಿ ಎಂಬ ಸಿದ್ಧ ಘಟಕವೊಂದು ಟರ್ಬೊ ಪ್ಯಾಸ್ಕಲ್‌ನ ಜೊತೆಗೇ ಬರುತ್ತಿತ್ತು. ಅದರಲ್ಲಿ ‘ಇಷ್ಟು ಮಿಲಿಸೆಕೆಂಡ್ ಕಾಯಿ’ ಎನ್ನುವ ಆದೇಶವೂ ಇತ್ತು. ಕಾಯಬೇಕಾದರೆ ಯಂತ್ರದ ವೇಗ ಗೊತ್ತಿರಬೇಕು. ಹಾಗಾಗಿ ಆಟ ಶುರುವಾಗುವ ಮೊದಲೇ ಈ ಘಟಕ ಒಂದು ಸಣ್ಣ ಪರೀಕ್ಷೆ ನಡೆಸುತ್ತಿತ್ತು: ಗಡಿಯಾರದ ಒಂದು ಬಡಿತದೊಳಗೆ, ಅಂದರೆ ಸುಮಾರು 55 ಮಿಲಿಸೆಕೆಂಡಿನೊಳಗೆ, ಒಂದು ಖಾಲಿ ಸುತ್ತನ್ನು ಎಷ್ಟು ಬಾರಿ ಸುತ್ತಲು ಆಗುತ್ತದೆ ಎಂದು ಎಣಿಸಿ, ಆ ಎಣಿಕೆಯನ್ನು 55ರಿಂದ ಭಾಗಿಸಿ, ಉತ್ತರವನ್ನು 16 ಬಿಟ್‌ನ ಜಾಗದಲ್ಲಿ ಇಟ್ಟುಕೊಳ್ಳುತ್ತಿತ್ತು. ಅಲ್ಲಿ ಹಿಡಿಯುವ ಅತಿದೊಡ್ಡ ಸಂಖ್ಯೆ 65,535. ಪ್ರೊಸೆಸರುಗಳು 200 ಮೆಗಾಹರ್ಟ್ಸ್ ಆಸುಪಾಸಿಗೆ ಬರುವ ಹೊತ್ತಿಗೆ ಎಣಿಕೆ ಎಷ್ಟು ಬೆಳೆಯಿತೆಂದರೆ ಉತ್ತರ ಆ ಜಾಗದಲ್ಲಿ ಹಿಡಿಯಲಿಲ್ಲ. ಭಾಗಲಬ್ಧ ಹಿಡಿಯದೆ ಹೋದರೂ ಸೊನ್ನೆಯಿಂದ ಭಾಗಿಸಿದರೂ ಆ ಪ್ರೊಸೆಸರ್ ಕೂಗುವ ಕೂಗು ಒಂದೇ. ಆದ್ದರಿಂದಲೇ ಆ ದಾರಿ ತಪ್ಪಿಸುವ ಸಂದೇಶ. ‘ಕಾಯಿ’ ಎಂಬ ಆದೇಶವನ್ನು ಆಟ ಒಮ್ಮೆಯೂ ಬಳಸದಿದ್ದರೂ ಸರಿ, ಘಟಕವನ್ನು ಸೇರಿಸಿಕೊಂಡ ತಪ್ಪಿಗೆ ಸಾಯಲೇಬೇಕು. ಯಂತ್ರ ತೀರಾ ಚುರುಕಾಗಿದೆ ಎಂಬ ಒಂದೇ ಕಾರಣಕ್ಕೆ ಸತ್ತ ತಂತ್ರಾಂಶ ಇದು.

ಡಾಸ್ ಕಾಲದ ಆಟಗಳಿಗೆ ಇಂದು ಡಾಸ್‌ಬಾಕ್ಸ್ ಇದೆ. 2002ರಲ್ಲಿ ಮೊದಲು ಹೊರಬಂದ ಈ ಉಚಿತ ತಂತ್ರಾಂಶ ಬಿಡಿ ಬಿಡಿ ಸುಳ್ಳುಗಳನ್ನು ಹೇಳುವುದಿಲ್ಲ. ಇಡೀ ಯಂತ್ರವೇ ಸುಳ್ಳು. ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಕಾರ್ಡ್, ಸೌಂಡ್ ಬ್ಲಾಸ್ಟರ್ ಎಂಬ ಸೌಂಡ್ ಕಾರ್ಡ್ ಎಲ್ಲವನ್ನೂ ಅದು ತಂತ್ರಾಂಶದಲ್ಲೇ ಕಟ್ಟಿ ನಿಲ್ಲಿಸುತ್ತದೆ. ಆಟದ ಸೆಟಪ್ ಪ್ರೋಗ್ರಾಂ ಮೂವತ್ತು ವರ್ಷಗಳ ಹಿಂದೆ ಕೇಳುತ್ತಿದ್ದ ಪ್ರಶ್ನೆಗಳನ್ನು ಇಂದಿಗೂ ಅದೇ ಗಾಂಭೀರ್ಯದಿಂದ ಕೇಳುತ್ತದೆ: ನಿಮ್ಮ ಸೌಂಡ್ ಕಾರ್ಡ್ ಯಾವ ಪೋರ್ಟಿನಲ್ಲಿದೆ? ಐಆರ್‌ಕ್ಯೂ ಎಷ್ಟು? ಡಿಎಂಎ ಚಾನೆಲ್ ಯಾವುದು? 220, 7, 1 ಎಂದು ನಾನೂ ಅಷ್ಟೇ ಗಾಂಭೀರ್ಯದಿಂದ ಉತ್ತರಿಸುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಇಲ್ಲವೇ ಇಲ್ಲದ ಕಾರ್ಡಿಗೆ ಇಲ್ಲವೇ ಇಲ್ಲದ ವಿಳಾಸ. ಇಬ್ಬರಿಗೂ ಸಮಾಧಾನವಾಗಿ ಸಂಗೀತ ಶುರುವಾಗುತ್ತದೆ.

ಡಾಸ್‌ಬಾಕ್ಸ್‌ನಲ್ಲಿ ವೇಗವನ್ನು ‘ಸೈಕಲ್ಸ್’ ಎಂಬ ಲೆಕ್ಕದಲ್ಲಿ ಕೊಡಬೇಕು. ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ನಿಧಾನ, ಎಫ್12 ಒತ್ತಿದರೆ ವೇಗ. ಸರಿಯಾದ ಸಂಖ್ಯೆ ಯಾವುದು ಎಂದು ಹೊಸಬರು ಕೇಳುತ್ತಾರೆ. ಇದು ಕಾಣುವಷ್ಟು ಸರಳ ಪ್ರಶ್ನೆಯಲ್ಲ. ಒಂದೇ ಆಟವನ್ನು ಒಬ್ಬರು 8 ಮೆಗಾಹರ್ಟ್ಸ್‌ನಲ್ಲಿ ಆಡಿದ್ದಾರೆ, ಇನ್ನೊಬ್ಬರು 33ರಲ್ಲಿ ಆಡಿದ್ದಾರೆ, ಇಬ್ಬರೂ ತಮ್ಮದೇ ಅಸಲಿ ಎಂದು ವಾದಿಸುತ್ತಾರೆ. ಆಟ ಬರೆದವರ ಮೇಜಿನ ಮೇಲೆ ಯಾವ ಯಂತ್ರವಿತ್ತು ಎಂಬುದು ಬಹುಪಾಲು ಆಟಗಳ ಮಟ್ಟಿಗೆ ನಮಗೆ ಸಿಗುವ ಮಾಹಿತಿಯಲ್ಲ. ನಾನು ಕಿವಿಯನ್ನು ನಂಬುತ್ತೇನೆ: ಹೆಜ್ಜೆ ಸಪ್ಪಳ ಮತ್ತು ಚಿತ್ರದ ಹೆಜ್ಜೆ ಒಂದಕ್ಕೊಂದು ತಾಳೆಯಾದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಅಂದ ಹಾಗೆ, ಗತಿಯನ್ನು ಯಂತ್ರಕ್ಕೆ ಕಟ್ಟಿಹಾಕುವ ಈ ಚಾಳಿ ಹಳಬರದ್ದು ಮಾತ್ರ ಎಂದುಕೊಳ್ಳಬೇಡಿ. 2014ರ ಡಾರ್ಕ್ ಸೌಲ್ಸ್ 2 ಆಟದಲ್ಲಿ ಸೆಕೆಂಡಿಗೆ 30 ಚಿತ್ರಗಳ ಬದಲು 60 ಮೂಡಿದರೆ ಕೈಯಲ್ಲಿನ ಆಯುಧಗಳು ಎರಡು ಪಟ್ಟು ಬೇಗ ಸವೆಯುತ್ತಿದ್ದವು.

ಇಷ್ಟಾಗಿಯೂ ಡಾಸ್ ಆಟಗಳು ಸಾಧು ಪ್ರಾಣಿಗಳು. ಕೇಳಿದವರಿಗೆ ವಿಚಿತ್ರ ಅನಿಸಬಹುದು, ಆದರೆ 1992ರ ಆಟವನ್ನು ಎಬ್ಬಿಸುವುದು 1999ರ ಆಟವನ್ನು ಎಬ್ಬಿಸುವುದಕ್ಕಿಂತ ಎಷ್ಟೋ ಸುಲಭ. ಡಾಸ್‌ನ ಲೋಕ ಚಿಕ್ಕದು, ಅದರ ಪೂರ್ತಿ ನಕಲು ಸಾಧ್ಯ. ವಿಂಡೋಸ್ 95ರಿಂದ ಎಕ್ಸ್‌ಪಿವರೆಗಿನ ಆಟಗಳ ಬೇರುಗಳು ಮಾತ್ರ ಕಾರ್ಯಾಚರಣಾ ವ್ಯವಸ್ಥೆ, ಗ್ರಾಫಿಕ್ಸ್ ಡ್ರೈವರ್, ಆಟಗಳು ಚಿತ್ರ-ಧ್ವನಿಗಳಿಗೆ ಬಳಸುವ ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಎಲ್ಲದರೊಳಗೂ ಹಬ್ಬಿಕೊಂಡಿವೆ. ಅವುಗಳನ್ನು ಇಂದಿನ ವಿಂಡೋಸ್ ‘ನನಗೆ ಗೊತ್ತು’ ಎಂದು ಒಳಗೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಅರ್ಧ ದಾರಿಯಲ್ಲಿ ಕೈಬಿಡುತ್ತದೆ.

ಒಳಗೆ ಬಿಟ್ಟುಕೊಳ್ಳುವ ಮಾತೂ ಎಲ್ಲ ಕಡೆ ನಿಜವಲ್ಲ. ಆ ಕಾಲದ ಎಷ್ಟೋ ಆಟಗಳು 32 ಬಿಟ್‌ನವು, ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ಅವು ಓಡಬಲ್ಲವು. ಆದರೆ ಅವುಗಳನ್ನು ಡಿಸ್ಕಿಗೆ ಇಳಿಸುವ ಇನ್‌ಸ್ಟಾಲರ್ 16 ಬಿಟ್‌ನದು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮುಗಳನ್ನು ಮುಟ್ಟುವುದೇ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಬಹಳ ಬಳಕೆಯಲ್ಲಿದ್ದ ಕೆಲವು ಇನ್‌ಸ್ಟಾಲರುಗಳನ್ನು ವಿಂಡೋಸ್ ಗುರುತು ಹಿಡಿದು, ಅವುಗಳ ಜಾಗದಲ್ಲಿ ತನ್ನದೇ 32 ಬಿಟ್ ಆವೃತ್ತಿಯನ್ನು ಸದ್ದಿಲ್ಲದೆ ಕೂರಿಸುತ್ತದೆ. ಉಳಿದವುಗಳಿಗೆ ಸಿ.ಡಿ.ಯಿಂದ ಫೈಲುಗಳನ್ನು ಕೈಯಾರೆ ಹೊರತೆಗೆಯಬೇಕು. ಇನ್‌ಸ್ಟಾಲರ್ ಓಡಿತು ಎಂದಿಟ್ಟುಕೊಳ್ಳಿ, ಆಗ ಇನ್ನೊಂದು ತಮಾಷೆ. ನೂರಾರು ಗಿಗಾಬೈಟ್ ಖಾಲಿ ಇರುವ ಡಿಸ್ಕಿನ ಮುಂದೆ ನಿಂತು ಅದು ‘ಸಾಕಷ್ಟು ಜಾಗವಿಲ್ಲ’ ಎನ್ನುತ್ತದೆ. ಖಾಲಿ ಜಾಗವನ್ನು 32 ಬಿಟ್‌ನ ಸಂಖ್ಯೆಯಲ್ಲಿ ಅಳೆಯುವ ಅದಕ್ಕೆ ಕೆಲವು ಗಿಗಾಬೈಟ್ ದಾಟಿದ್ದೆಲ್ಲ ಋಣಸಂಖ್ಯೆಯಾಗಿಯೋ ಚಿಲ್ಲರೆಯಾಗಿಯೋ ಕಾಣುತ್ತದೆ. ಡಿಸ್ಕನ್ನು ದೊಡ್ಡ ಫೈಲೊಂದರಿಂದ ತುಂಬಿ, ಬಡತನ ನಟಿಸಿದರೆ ಒಪ್ಪಿಕೊಳ್ಳುವ ಇನ್‌ಸ್ಟಾಲರುಗಳು ಉಂಟು.

ಗ್ರಾಫಿಕ್ಸ್ ಕಡೆಯ ಕಥೆಯೂ ಇಂಥದ್ದೇ. ಆಟ ಶುರುವಾಗುವಾಗ ಗ್ರಾಫಿಕ್ಸ್ ಡ್ರೈವರನ್ನು ‘ನಿನಗೆ ಏನೇನು ಬರುತ್ತದೆ?’ ಎಂದು ಕೇಳುತ್ತದೆ. ಚಿತ್ರ ಬಿಡಿಸಲು ಓಪನ್‌ಜಿಎಲ್ ಎಂಬ ವ್ಯವಸ್ಥೆ ಬಳಸುವ ಆಟಗಳಿಗೆ ಡ್ರೈವರ್ ತನ್ನ ವಿಶೇಷ ಸಾಮರ್ಥ್ಯಗಳ ಹೆಸರುಗಳನ್ನೆಲ್ಲ ಒಂದೇ ಉದ್ದ ಸಾಲಿನಲ್ಲಿ ಜೋಡಿಸಿ ಕೊಡುತ್ತಿತ್ತು. 1999ರಲ್ಲಿ ಆ ಸಾಲು ಚಿಕ್ಕದಿತ್ತು. ಕ್ವೇಕ್ 3ರ ಎಂಜಿನ್ ಬಳಸಿದ ಕೆಲವು ಆಟಗಳು ಅದಕ್ಕೆ ತಕ್ಕಷ್ಟೇ ಜಾಗ ಕಾದಿರಿಸಿದ್ದವು. ಇಂದಿನ ಕಾರ್ಡಿನ ಸಾಲು ಹಲವು ಸಾವಿರ ಅಕ್ಷರಗಳದ್ದು. ಕೇಳಿಸಿಕೊಳ್ಳುತ್ತಲೇ ಆಟ ಕುಸಿದುಬೀಳುತ್ತದೆ. ಡ್ರೈವರುಗಳಲ್ಲಿ ಇದಕ್ಕೆಂದೇ ಒಂದು ಉಪಾಯವಿದೆ: ಹಳೆಯ ಆಟ ಕೇಳಿದರೆ ಪಟ್ಟಿಯನ್ನು ಮೊಟಕುಗೊಳಿಸಿ ಹೇಳುವುದು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವ ಈ ವಿನಯ ನನಗೆ ಬಹಳ ಇಷ್ಟ.

256 ಬಣ್ಣಗಳ ಆಟಗಳ ಪಾಡು ಇನ್ನೂ ಸೊಗಸು. ವಿಂಡೋಸ್ 7ರಲ್ಲಿ ಸ್ಟಾರ್‌ಕ್ರಾಫ್ಟ್, ಏಜ್ ಆಫ್ ಎಂಪೈರ್ಸ್ ಇಂಥವನ್ನು ತೆರೆದರೆ ಹುಲ್ಲು ಕೆಂಪಾಗಿ, ನೀರು ನೇರಳೆಯಾಗಿ ಕಾಣುತ್ತಿತ್ತು. ಹಿನ್ನೆಲೆಯಲ್ಲಿ ಓಡುತ್ತಿದ್ದ ಎಕ್ಸ್‌ಪ್ಲೋರರ್ (ವಿಂಡೋಸ್‌ನ ಡೆಸ್ಕ್‌ಟಾಪ್ ನಡೆಸುವ ಪ್ರೋಗ್ರಾಂ) ಆಟದ ಬಣ್ಣದ ಪಟ್ಟಿಯೊಳಗೆ ಕೈಯಾಡಿಸುತ್ತಿದ್ದದ್ದೇ ಕಾರಣ. ಆಟ ಶುರುವಾಗುವ ಮುನ್ನ ಎಕ್ಸ್‌ಪ್ಲೋರರ್ ಅನ್ನೇ ಕೊಂದು, ಆಟ ಮುಗಿದ ಮೇಲೆ ಮತ್ತೆ ಬದುಕಿಸುವ ಎರಡು ಮೂರು ಸಾಲಿನ ಬ್ಯಾಚ್ ಫೈಲ್ ಆಗ ಎಲ್ಲರ ಬಳಿಯೂ ಇರುತ್ತಿತ್ತು. ಈಗ ಅಷ್ಟು ಹಿಂಸೆ ಬೇಡ. ಡಿಜಿವೂಡೂದಂಥ ತಂತ್ರಾಂಶದ ಒಂದೆರಡು ಡಿಎಲ್‌ಎಲ್ ಫೈಲುಗಳನ್ನು ಆಟದ ಫೋಲ್ಡರಿನಲ್ಲಿ ಹಾಕಿದರೆ ಸಾಕು. ಆಟ ಹಳೆಯ ಡೈರೆಕ್ಟ್‌ಎಕ್ಸ್ ಭಾಷೆಯಲ್ಲೋ, 3ಡಿಎಫ್‌ಎಕ್ಸ್ ವೂಡೂ ಕಾರ್ಡುಗಳ ಗ್ಲೈಡ್ ಭಾಷೆಯಲ್ಲೋ ಆಡಿದ ಮಾತನ್ನು ಅವು ಇಂದಿನ ಕಾರ್ಡಿಗೆ ದಾಟಿಸುತ್ತವೆ. 3ಡಿಎಫ್‌ಎಕ್ಸ್ ಮುಚ್ಚಿಹೋಗಿ ಎರಡು ದಶಕ ಕಳೆದರೂ ಅದರ ಕಾರ್ಡು ಪತ್ತೆಯಾಯಿತು ಎಂದು ಆಟಗಳು ಇಂದಿಗೂ ಸಂಭ್ರಮಿಸುತ್ತವೆ.

ಸುಳ್ಳು ಹೇಳುವುದು ಹವ್ಯಾಸಿಗಳ ಕೆಲಸ ಮಾತ್ರ ಅಲ್ಲ. ಸಿಮ್‌ಸಿಟಿಯ ಕಥೆ ಈ ವಲಯದಲ್ಲಿ ಓಡಾಡುವವರಿಗೆಲ್ಲ ಗೊತ್ತು. ಆ ಆಟ, ‘ಇನ್ನು ಬೇಡ’ ಎಂದು ಬಿಟ್ಟುಕೊಟ್ಟ ಮೆಮೊರಿಯನ್ನು ಮರುಕ್ಷಣವೇ ಮತ್ತೆ ಓದುತ್ತಿತ್ತು. ಡಾಸ್‌ನಲ್ಲಿ ಅಲ್ಲಿಗೆ ಬೇರೆ ಯಾರೂ ಬರುತ್ತಿರಲಿಲ್ಲವಾದ್ದರಿಂದ ತಪ್ಪು ಬಯಲಿಗೆ ಬರಲಿಲ್ಲ. ವಿಂಡೋಸ್ 95 ಸಿದ್ಧವಾಗುವಾಗ ಮೈಕ್ರೋಸಾಫ್ಟ್‌ನವರು ಇದನ್ನು ಕಂಡುಹಿಡಿದರು. ಆಟ ಕುಸಿದರೆ ಜನ ಬಯ್ಯುವುದು ಹೊಸ ವಿಂಡೋಸನ್ನೇ. ಆದ್ದರಿಂದ ಓಡುತ್ತಿರುವುದು ಸಿಮ್‌ಸಿಟಿಯೇ ಎಂದು ಪತ್ತೆ ಹಚ್ಚಿ, ಅದು ಬಿಟ್ಟುಕೊಟ್ಟ ಮೆಮೊರಿಯನ್ನು ಒಡನೆಯೇ ಹಿಂಪಡೆಯದ ವಿಶೇಷ ಏರ್ಪಾಡೊಂದನ್ನು ವಿಂಡೋಸ್‌ನೊಳಗೇ ಸೇರಿಸಿದರು. ಇಂದಿಗೂ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿದರೆ ಸಿಗುವ ‘ಕಂಪ್ಯಾಟಿಬಿಲಿಟಿ’ ಪುಟ ಇದೇ ವಂಶದ್ದು. ‘ಇದು ವಿಂಡೋಸ್ 98’ ಎಂದು ಆಟದ ಕಿವಿಯಲ್ಲಿ ಹೇಳುವುದು ಅದರ ಮುಖ್ಯ ಉದ್ಯೋಗ.

ಯಾರೂ ಸುಳ್ಳು ಹೇಳದಿದ್ದರೂ, ಕೇವಲ ಅದೃಷ್ಟದ ಮೇಲೆ ದಶಕಗಳ ಕಾಲ ನಿಂತ ಆಟಗಳೂ ಇವೆ. ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ಸ್ಯಾನ್ ಆಂಡ್ರಿಯಾಸ್ ಪಿಸಿಗೆ ಬಂದದ್ದು 2005ರಲ್ಲಿ. ಅದರಲ್ಲಿ ಸ್ಕಿಮ್ಮರ್ ಎಂಬ, ನೀರಿನ ಮೇಲಿಳಿಯುವ ಪುಟ್ಟ ವಿಮಾನವಿದೆ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಆ ವಿಮಾನ ಆಟದಿಂದಲೇ ಮಾಯವಾಯಿತು. ಈ ಆಟಕ್ಕೆ ತಿದ್ದುಪಡಿ ಬರೆಯುವ ಹವ್ಯಾಸಿಯೊಬ್ಬರು ಬೆನ್ನುಹತ್ತಿ ಹೋದಾಗ ಸಿಕ್ಕಿದ್ದು ವಾಹನಗಳ ವಿವರವಿರುವ ಪಠ್ಯ ಫೈಲಿನ ಒಂದು ಸಾಲು. ಬೇರೆ ವಿಮಾನಗಳ ಸಾಲಿನ ಕೊನೆಯಲ್ಲಿ ಚಕ್ರದ ಅಳತೆಗಳಿವೆ, ಸ್ಕಿಮ್ಮರ್‌ನ ಸಾಲಿನಲ್ಲಿ ಇಲ್ಲ. ಓದುವ ಕೋಡ್ ಸಿಗದ ಸಂಖ್ಯೆಗೆ ಯಾವ ಬೆಲೆಯನ್ನೂ ತುಂಬುವುದಿಲ್ಲ. ಮೆಮೊರಿಯ ಆ ಜಾಗದಲ್ಲಿ ಅದಕ್ಕೂ ಮುಂಚೆ ಓದಿದ ವಾಹನದ ಅಳತೆ ಉಳಿದಿರುತ್ತಿತ್ತು, ಅದನ್ನೇ ತನ್ನದೆಂದು ತಿಳಿದು ಮುಂದೆ ಹೋಗುತ್ತಿತ್ತು. ಹೊಸ ವಿಂಡೋಸ್ ತನ್ನ ಒಳಗಿನ ಕೆಲಸವೊಂದಕ್ಕೆ ಅದೇ ಜಾಗವನ್ನು ತುಸು ಹೆಚ್ಚು ಬಳಸತೊಡಗಿತು, ಉಳಿಕೆ ಅಳಿಸಿಹೋಯಿತು. ಕಸದ ಸಂಖ್ಯೆಗಳನ್ನು ಅಳತೆಯೆಂದು ನಂಬಿದ ವಿಮಾನ ಊಹೆಗೂ ಮೀರಿದ ಎತ್ತರಕ್ಕೆ ಚಿಮ್ಮಿ ಕಣ್ಮರೆಯಾಯಿತು. ವಿಂಡೋಸ್ ಇಲ್ಲಿ ಯಾವ ನಿಯಮವನ್ನೂ ಮುರಿದಿಲ್ಲ. ಇಪ್ಪತ್ತು ವರ್ಷ ಆಟ ಸರಿಯಾಗಿ ನಡೆದದ್ದೇ ಪವಾಡ.

ಇವೆಲ್ಲ ತಪ್ಪುಗಳು, ಅಚಾತುರ್ಯಗಳು, ಕ್ಷಮಿಸಬಹುದು. ನನಗೆ ಸಿಟ್ಟು ಬರುವುದು ಬೇಕೆಂದೇ ಹಾಕಿದ ಬೀಗಗಳ ಮೇಲೆ. ಸಿ.ಡಿ. ಅಸಲಿಯೇ ಎಂದು ಪರೀಕ್ಷಿಸಲು ಸೇಫ್‌ಡಿಸ್ಕ್ ಎಂಬ ವ್ಯವಸ್ಥೆ ವಿಂಡೋಸ್‌ನ ಅತ್ಯಂತ ಒಳಗಿನ ಹಂತದಲ್ಲಿ ತನ್ನದೊಂದು ಡ್ರೈವರ್ ಇಟ್ಟಿತ್ತು. ಅದರಲ್ಲಿ ಸುರಕ್ಷತೆಯ ತೂತು ಕಂಡುಬಂದು, 2015ರಲ್ಲಿ ವಿಂಡೋಸ್ 10 ಅದನ್ನು ಕೈಬಿಟ್ಟಿತು. ಅದೇ ವರ್ಷದ ಸೆಪ್ಟೆಂಬರಿನ ಅಪ್‌ಡೇಟ್ ಹಿಂದಿನ ಆವೃತ್ತಿಗಳಲ್ಲೂ ಅದರ ಬಾಯಿ ಮುಚ್ಚಿಸಿತು. ನಿರ್ಧಾರ ಸರಿಯಾದದ್ದೇ. ಆದರೆ ದುಡ್ಡು ಕೊಟ್ಟು ಅಸಲಿ ಸಿ.ಡಿ. ಕೊಂಡವರ ಆಟ ನಿಂತುಹೋಯಿತು, ಬೀಗ ಒಡೆದ ನಕಲು ಇಟ್ಟುಕೊಂಡವರದು ನಡೆಯುತ್ತಲೇ ಇತ್ತು. ಇದಕ್ಕೆ ಹೋಲಿಸಿದರೆ ಪ್ರಿನ್ಸ್ ಆಫ್ ಪರ್ಷಿಯಾದ 1990ರ ಡಾಸ್ ಆವೃತ್ತಿಯ ಕಾವಲು ಎಷ್ಟು ಮರ್ಯಾದಸ್ಥ! ಮೊದಲ ಹಂತ ಮುಗಿದ ಮೇಲೆ ಒಂದು ಕೋಣೆ, ನೆಲದ ಮೇಲೆ ಸಾಲಾಗಿ ಸೀಸೆಗಳು, ಒಂದೊಂದಕ್ಕೂ ಒಂದು ಅಕ್ಷರ. ಕೈಪಿಡಿಯ ಇಂತಿಂಥ ಪುಟದ ಇಂತಿಂಥ ಸಾಲಿನ ಇಂತಿಂಥ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆಯನ್ನು ಕುಡಿಯಬೇಕು, ತಪ್ಪಿದರೆ ಪ್ರಾಣಕ್ಕೇ ಕುತ್ತು. ಕೈಪಿಡಿಯ ಕಾಗದ ಉಳಿದಿರುವವರೆಗೂ ಆ ಬೀಗ ತೆರೆಯುತ್ತದೆ. ಯಾವ ಡ್ರೈವರನ್ನೂ ಅದು ಕೇಳುವುದಿಲ್ಲ.

ಸುಳ್ಳಿನ ದಾರಿ ಬಿಟ್ಟು, ಆಟವನ್ನೇ ಹೊಸದಾಗಿ ಕಟ್ಟುವ ಪ್ರಾಮಾಣಿಕ ದಾರಿಯೂ ಒಂದಿದೆ. 2001ರಲ್ಲಿ ಶುರುವಾದ ಸ್ಕಮ್‌ವಿಎಂ ಮೂಲ ಆಟದ ಚಿತ್ರ, ಧ್ವನಿ, ಸಂಭಾಷಣೆಗಳ ಫೈಲುಗಳನ್ನು ಹಾಗೆಯೇ ಓದುತ್ತದೆ, ಅವನ್ನು ನಡೆಸುವ ಎಂಜಿನ್ ಮಾತ್ರ ತನ್ನದು. ಡೂಮ್‌ನ ಮೂಲ ಕೋಡನ್ನು ಅದರ ತಯಾರಕರೇ 1997ರ ಡಿಸೆಂಬರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಆ ಆಟ ಇಂದು ಓಡದ ಯಂತ್ರವನ್ನು ಹುಡುಕುವುದೇ ಕಷ್ಟ. ರೋಲರ್‌ಕೋಸ್ಟರ್ ಟೈಕೂನ್ 2ಕ್ಕೆ ಅಂಥ ಭಾಗ್ಯ ಇರಲಿಲ್ಲ. ಬಹುಪಾಲು ಅಸೆಂಬ್ಲಿ ಭಾಷೆಯಲ್ಲಿದ್ದ ಅದನ್ನು ಹವ್ಯಾಸಿಗಳು 2014ರಿಂದ ತುಣುಕು ತುಣುಕಾಗಿ ಬಿಡಿಸಿ ಓಪನ್‌ಆರ್‌ಸಿಟಿ2 ಎಂದು ಮರುನಿರ್ಮಿಸಿದರು. ಈ ದಾರಿಯ ಮೇಲೆ ನನಗೆ ಅಪಾರ ಗೌರವವಿದೆ, ಒಂದು ತಕರಾರೂ ಇದೆ: ಕಟ್ಟುವವರ ಕೈ ಸುಮ್ಮನಿರುವುದಿಲ್ಲ. ಇದ್ದಲ್ಲಿಗೆ ಬಿಡದೆ ಚಿತ್ರ ನುಣುಪಾಗಿಸುತ್ತಾರೆ, ಪರದೆ ಅಗಲಿಸುತ್ತಾರೆ. ಡಾಸ್ ಆಟಗಳ 320×200 ಚಿತ್ರ ಮೂಡುತ್ತಿದ್ದದ್ದು 4:3ರ ಪರದೆಯಲ್ಲಿ. ಒಂದೊಂದು ಚುಕ್ಕಿಯೂ ಅಗಲಕ್ಕಿಂತ ಎತ್ತರ ಹೆಚ್ಚು, 1.2 ಪಟ್ಟು. ಚಿತ್ರಕಾರರು ಅದನ್ನು ಲೆಕ್ಕಕ್ಕೆ ಹಿಡಿದೇ ಬಿಡಿಸುತ್ತಿದ್ದರು. ಇಂದು ಚೌಕ ಚುಕ್ಕಿಗಳಲ್ಲಿ ತೋರಿಸಿದಾಗ ವೀರಯೋಧರೆಲ್ಲ ಕುಳ್ಳಗಾಗಿ, ದುಂಡಗಾಗಿ ಕಾಣುತ್ತಾರೆ. ಇದನ್ನು ಸರಿಪಡಿಸುವ ಆಯ್ಕೆ ಬಹುತೇಕ ಎಲ್ಲ ತಂತ್ರಾಂಶಗಳಲ್ಲೂ ಇದೆ. ಮೊದಲು ಅದನ್ನು ಹುಡುಕಿ ಒತ್ತಿ, ಮಿಕ್ಕ ಅಲಂಕಾರ ಆಮೇಲೆ.

ಲಿನಕ್ಸ್ ಬಳಸುವವರಿಗೆ ವಿಂಡೋಸ್ ಪ್ರೋಗ್ರಾಮುಗಳನ್ನು ಓಡಿಸುವ ವೈನ್ ಇದೆ, 2018ರಿಂದ ವಾಲ್ವ್ ಕಂಪನಿಯ ಪ್ರೋಟಾನ್ ಕೂಡ. ವಿಂಡೋಸ್ 3.1ರ 16 ಬಿಟ್ ಆಟವನ್ನು 64 ಬಿಟ್ ವಿಂಡೋಸ್ ಮುಟ್ಟುವುದಿಲ್ಲ, 64 ಬಿಟ್ ಲಿನಕ್ಸ್‌ನಲ್ಲಿ ಕುಳಿತ ವೈನ್ ಮುಟ್ಟುತ್ತದೆ. ವಿಂಡೋಸ್‌ನ ಹಳೆಯ ನೆನಪುಗಳನ್ನು ಅದರ ಎದುರಾಳಿಯ ಮನೆಯಲ್ಲಿ ಕಾಪಾಡಬೇಕಾಗಿ ಬಂದಿದೆ.

ಎಷ್ಟೇ ಚೆನ್ನಾಗಿ ಸುಳ್ಳು ಹೇಳಿದರೂ ಏಳದ ಆಟಗಳೆಂದರೆ ಸರ್ವರ್ ನಂಬಿದವು. ಅವುಗಳ ಅರ್ಧ ಭಾಗ ನಮ್ಮ ಕೈಗೆ ಬಂದೇ ಇರುವುದಿಲ್ಲ. 2014ರಲ್ಲಿ, ಆಟಗಾರರನ್ನು ಒಬ್ಬರಿಗೊಬ್ಬರು ಜೋಡಿಸುತ್ತಿದ್ದ ಗೇಮ್‌ಸ್ಪೈ ಸೇವೆ ನಿಂತಾಗ ಹಲವಾರು ಆಟಗಳ ಆನ್‌ಲೈನ್ ಭಾಗ ಒಂದೇ ದಿನದಲ್ಲಿ ಮೂಕವಾಯಿತು. ಕೆಲವಕ್ಕೆ ಅಭಿಮಾನಿಗಳು ತಮ್ಮದೇ ಸರ್ವರ್ ಬರೆದರು. ಅದಕ್ಕೆ ಆಟವೂ ಸರ್ವರೂ ಮಾತನಾಡಿಕೊಳ್ಳುವ ಕ್ರಮ ಗೊತ್ತಿರಬೇಕು, ಸೇವೆ ಜೀವಂತವಿದ್ದಾಗಲೇ ಯಾರಾದರೂ ಅದನ್ನು ದಾಖಲಿಸಿಕೊಂಡಿದ್ದರೆ ಕೆಲಸ ಎಷ್ಟೋ ಹಗುರ. 2023ರಲ್ಲಿ ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ ನಡೆಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮುನ್ನ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರಾಟದಲ್ಲೇ ಇಲ್ಲ. ಇಂಥ ಆಟಗಳನ್ನು ಗ್ರಂಥಾಲಯಗಳು ಸಂಶೋಧಕರಿಗೆ ದೂರದಿಂದಲೇ ಒದಗಿಸಲು ಅನುಮತಿ ಬೇಡಿದಾಗ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ಮಾರುವವರು ಮಾರುವುದಿಲ್ಲ, ಇಟ್ಟುಕೊಂಡವರು ಕೊಡುವಂತಿಲ್ಲ. ಹೀಗಿರುವಾಗ ಈ ಕೆಲಸ ಹವ್ಯಾಸಿಗಳ ಪಾಲಿಗೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಈ ದಾರಿಗೆ ಹೊಸದಾಗಿ ಬರುವವರಿಗೆ ನನ್ನದೊಂದು ಸಲಹೆ. ಆಟ ಓಡಿದ ಕೂಡಲೇ ಆಡಲು ಕೂರಬೇಡಿ. ಸಿ.ಡಿ.ಯ ಪೂರ್ತಿ ಪ್ರತಿ, ಹಾಕಿದ ತಿದ್ದುಪಡಿಗಳು, ಬಳಸಿದ ಡಿಎಲ್‌ಎಲ್‌ಗಳು ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಡಿ, ಅದು ‘ಪ್ರೋಗ್ರಾಂ ಫೈಲ್ಸ್’ ಒಳಗೆ ಬೇಡ. ವಿಸ್ತಾದಿಂದೀಚೆಗೆ ವಿಂಡೋಸ್ ಅಲ್ಲಿ ಬರೆಯಲು ಹಳೆಯ ಆಟಗಳನ್ನು ಬಿಡುವುದಿಲ್ಲ, ಸೇವ್ ಮಾಡಿದ ಫೈಲುಗಳನ್ನು ಬೇರೆಲ್ಲೋ ಬಚ್ಚಿಡುತ್ತದೆ. ಜೊತೆಗೊಂದು ಪಠ್ಯ ಫೈಲಿನಲ್ಲಿ ಯಾವ ಸೆಟ್ಟಿಂಗ್ ಏಕೆ ಬದಲಿಸಿದಿರಿ ಎಂದು ಬರೆದಿಡಿ. ಏನನ್ನು ಬದಲಿಸಿದೆವು ಎಂಬುದು ನೋಡಿದರೆ ಗೊತ್ತಾಗುತ್ತದೆ, ಏಕೆ ಎಂಬುದು ಗೊತ್ತಾಗುವುದಿಲ್ಲ. ನನ್ನ ಬಳಿ ಇರುವ ಅಂಥ ಒಂದು ಫೈಲಿನ ಕೊನೆಯ ಸಾಲು: ‘ಹೊಸ ಡಿಜಿವೂಡೂ ಹಾಕಬೇಡ, ಮೂರನೆಯ ಹಂತದಲ್ಲಿ ಮಂಜು ಕಾಣಿಸುವುದಿಲ್ಲ, ಮಂಜಿಲ್ಲದಿದ್ದರೆ ಶತ್ರುಗಳು ದೂರದಿಂದಲೇ ಕಂಡುಬಿಡುತ್ತಾರೆ.’